ಪರದೆಯಿಲ್ಲದ ಕಂಪ್ಯೂಟರ್

ಹೊಳೆದಂಡೆಯ ಆ ಸಣ್ಣ ಮಠದಲ್ಲಿ ಒಂದು ಕಂಪ್ಯೂಟರ್ ಇತ್ತು. ಅದಕ್ಕೆ ಪರದೆ ಇರಲಿಲ್ಲ.

ಮೊದಲು ಇತ್ತು. ಯಾವತ್ತೋ ಸುಟ್ಟುಹೋಗಿತ್ತು. ಸುಟ್ಟದ್ದು ಯಾರಿಗೂ ತಿಳಿಯಲಿಲ್ಲ, ಯಾಕೆಂದರೆ ಅದನ್ನು ಬಳಸುತ್ತಿದ್ದವನು ಗದಿಗೆಪ್ಪ ಒಬ್ಬನೇ, ಮತ್ತು ಗದಿಗೆಪ್ಪನಿಗೆ ಕಣ್ಣು ಕಾಣುತ್ತಿರಲಿಲ್ಲ. ಅಡುಗೆಯ ನಿಂಬೆವ್ವ ಒಂದು ದಿನ ಕಸ ಹೊಡೆಯಲು ಬಂದವಳು, "ಇದರ ಮಾರಿ ಯಾವಾಗ ನೋಡಿದ್ರೂ ಕರ್ರಗ ಇರತೈತಲ್ಲೋ" ಅಂದಳು. ಆಗ ಗೊತ್ತಾಯಿತು. ಪರದೆ ತೆಗೆದು ಆ ಜಾಗದಲ್ಲಿ ಅವಳು ಮೆಣಸಿನಕಾಯಿ ಡಬ್ಬಿ ಇಟ್ಟಳು.

ಗದಿಗೆಪ್ಪ ಮೊದಲು ಸೈಕಲ್ ರಿಪೇರಿ ಮಾಡುತ್ತಿದ್ದವನು. ಇಪ್ಪತ್ನಾಲ್ಕನೆಯ ವಯಸ್ಸಿಗೆ ಜ್ವರವೊಂದು ಬಂತು, ಹೋಗುವಾಗ ಕಣ್ಣು ತೆಗೆದುಕೊಂಡು ಹೋಯಿತು. ಆಮೇಲೆ ಕುರುಡರ ಶಾಲೆಯೊಂದರಲ್ಲಿ ಕಂಪ್ಯೂಟರ್ ಕಲಿತ. ಕೀಲಿ ಒತ್ತಿದರೆ ಅದು ಅಕ್ಷರ ಹೇಳುತ್ತದೆ. ಬರೆದದ್ದನ್ನು ಓದು ಎಂದರೆ ಓದುತ್ತದೆ. ಸಿಟ್ಟಿಲ್ಲ, ಸಂತೋಷವಿಲ್ಲ, ಸಂತೆಯ ದರ ಒದರಿದ ಹಾಗೆ ಎಲ್ಲವನ್ನೂ ಒಂದೇ ಸಮ ಓದುತ್ತದೆ.

ಅದನ್ನು ಕೇಳಿ ನಗುವವರು ನಗಬಹುದು. "ಈ ಚೀಟಿ ಒಂದೀಟು ಓದಿ ಹೇಳ್ರೋ" ಎಂದು ಕಂಡಕಂಡವರನ್ನು ಗೋಗರೆದ ಮನುಷ್ಯನಿಗೇ ಅದರ ಬೆಲೆ ಗೊತ್ತು.

ಹನ್ನೊಂದು ವರ್ಷದ ಹಿಂದೆ ಅವನು ಅಡವಯ್ಯಜ್ಜನ ಶಿಷ್ಯನಾಗಿ ಮಠ ಸೇರಿದ. ಹೈಸ್ಕೂಲಿನವರು ತಮಗೆ ಬೇಡವಾದ ಹಳೇ ಕಂಪ್ಯೂಟರ್ ಒಂದನ್ನು ಮಠಕ್ಕೆ ಕೊಟ್ಟಿದ್ದರು. ಅದೂ ಇವನೂ ಹೆಚ್ಚುಕಡಿಮೆ ಒಂದೇ ವಾರ ಬಂದವರು.

ಅಜ್ಜ ದಿನಾ ಸಂಜೆ ಹೊಳೆಗೆ ಇಳಿಯುವ ಪಾವಟಿಗೆಯ ಮೇಲೆ ಕುಳಿತು ನಾಲ್ಕು ಮಾತಾಡುತ್ತಿದ್ದರು. ಬಂದವರು ಕೇಳಿ, ಕೈಮುಗಿದು, ಎದ್ದುಹೋಗುತ್ತಿದ್ದರು. ಗದಿಗೆಪ್ಪ ಮಾತ್ರ ಆ ಮಾತುಗಳನ್ನು ಮನಸ್ಸಿನಲ್ಲೇ ಹೊತ್ತುಕೊಂಡು ಮಲಗಿ, ಬೆಳಿಗ್ಗೆ ಮಿಂದು ಬಂದು, ಒಂದೂ ಬಿಡದೆ ಕಂಪ್ಯೂಟರಿಗೆ ಬರೆಯುತ್ತಿದ್ದ. ಪ್ರತಿಯೊಂದೂ ಒಂದೇ ರೀತಿ ಶುರುವಾಗುತ್ತಿತ್ತು: "ಅಜ್ಜಾರು ಅಂದರು."

ಹನ್ನೊಂದು ವರ್ಷದ ಮಾತು, ನಾಲ್ಕು ಸಾವಿರ ಪುಟ, ಎಲ್ಲಾ ಒಂದೇ ಫೈಲು.

"ತುಂಡು ಮಾಡಿ ಬ್ಯಾರೆ ಬ್ಯಾರೆ ಇಡ್ರಿ, ಅದಕ್ಕ ಹಗುರ ಆಕೈತಿ" ಎಂದು ಹೈಸ್ಕೂಲಿನ ಮಾಸ್ತರು ಎಷ್ಟೋ ಸಲ ಹೇಳಿದ್ದರು.

"ಗುರುವಿನ ಮಾತು ತುಂಡು ಮಾಡಾಕ ಅದೇನು ಕಬ್ಬೇನ್ರಿ?" ಎಂದು ಇವನು ಅವರ ಬಾಯಿ ಮುಚ್ಚಿಸಿದ್ದ.

ಭಕ್ತಿ ದೊಡ್ಡದು, ಯಂತ್ರ ಹಳೇದು. ಈಚೀಚೆಗೆ ಆ ಫೈಲು ತೆರೆಯುವುದೆಂದರೆ ಒಲೆಯ ಮೇಲೆ ಅನ್ನಕ್ಕಿಟ್ಟು ಬಂದು ಕೂಡಬೇಕು. ಅನ್ನ ಬೆಂದು ಇಳಿಸುವ ಹೊತ್ತಿಗೆ "ಅಜ್ಜಾರು ಅಂದರು" ಎಂದು ಹೇಳಿ ಉಸಿರು ಕಟ್ಟಿ ನಿಲ್ಲುತ್ತಿತ್ತು. ಅಂದದ್ದೇನು ಎಂಬುದು ಒಳಗೇ ಉಳಿಯುತ್ತಿತ್ತು.

ಹೇಗೋ ನಡೆದಿತ್ತು. ನಡೆಯದಂತೆ ಮಾಡಿದವರು ಅಜ್ಜ.

ಆಷಾಢ ಮುಗಿಯಲು ಹತ್ತು ದಿನ ಇದ್ದಾಗ ಅವರು ಗದಿಗೆಪ್ಪನನ್ನು ಕರೆದರು. ಎಂಬತ್ಮೂರು ವರ್ಷದ ಗಂಟಲು. ಒಂದು ಮಾತಿಗೆ ಎರಡು ಕೆಮ್ಮು.

"ಈ ಶ್ರಾವಣ ಪಾವಟಿಗಿ ಮ್ಯಾಲ ನೀ ಕೂಡು."

"ಕೂತು ಏನು ಮಾಡಲ್ರಿ?"

"ಮಾತಾಡು. ಒಂದು ತಿಂಗಳು. ಊರ ಮಂದಿ ಬರ್ತಾರ."

ಗದಿಗೆಪ್ಪ ಒಂದು ಹೆಜ್ಜೆ ಹಿಂದೆ ಸರಿದ. "ಅಜ್ಜಾರ, ನನ್ನ ಹಂತ್ಯಾಕ ನಂದಂತ ಒಂದು ಮಾತಿಲ್ರಿ. ಇರೂದೆಲ್ಲಾ ನಿಮ್ದು."

"ಹಂಗಂತೀಯೇನು?"

"ಹಂಗ ಐತ್ರಿ."

ಅಜ್ಜ ಕೆಮ್ಮಿದರು. ಕೋಲು ಊರಿಕೊಂಡು ಎದ್ದುಹೋದರು.

ಆ ರಾತ್ರಿ ಅವನಿಗೆ ಊಟ ಸೇರಲಿಲ್ಲ. ತಿಂಗಳಿಡೀ ದಿನಕ್ಕೊಂದು ಮಾತು. ತಾನೊಂದು ಮಾತು ಸೇರಿಸಿದರೂ ಗುರುವಿನ ಹಾಲಿಗೆ ನೀರು ಬೆರೆಸಿದ ಪಾಪ. ಉಳಿದ ದಾರಿ ಒಂದೇ: ಫೈಲನ್ನು ಮೊದಲಿಂದ ಕಡೆಯವರೆಗೆ ಕೇಳಬೇಕು, ಮೂವತ್ತು ಮಾತು ಆರಿಸಿಕೊಳ್ಳಬೇಕು, ಗಿಳಿಯ ಹಾಗೆ ಒಪ್ಪಿಸಬೇಕು. ಫೈಲು ತೆರೆಯದಿದ್ದರೆ ಊರ ಮುಂದೆ ಖಾಲಿ ಬಾಯಿ ಬಿಟ್ಟುಕೊಂಡು ಕೂಡಬೇಕು. ಕಣ್ಣು ಹೋದಾಗ ಆಗದಿದ್ದ ಹೆದರಿಕೆ ಈಗ ಆಯಿತು.

ಬೆಳಿಗ್ಗೆ ಹುಬ್ಬಳ್ಳಿಯ ಕಂಪ್ಯೂಟರ್ ಅಂಗಡಿಯೊಂದಕ್ಕೆ ಫೋನ್ ಹಚ್ಚಿದ.

"ಮೆಮರಿ ಸಾಲವಲ್ದ್ರಿ" ಅಂದ ಅಂಗಡಿಯವನು, ಎಲ್ಲಾ ಕೇಳಿಕೊಂಡು.

"ನಾಲ್ಕು ಸಾವಿರ ಪುಟ ಒಳಗ ಅದಾವಲ್ರಿ? ಮತ್ತ ಮೆಮರಿ ಹೆಂಗ ಸಾಲೂದಿಲ್ಲ?"

"ಹಿಂಗ ತಿಳೀರಿ. ಕಾಳು ಇರೂದು ನೆಲದಾಗಿನ ಹಗೇದಾಗ. ಅದು ಬ್ಯಾರೆ. ಆ ಕಾಳು ತಗದು ಹರವಿ ಕೆಲಸ ಮಾಡಾಕ ಕಣ ಬೇಕಲ್ರಿ? ಆ ಕಣಕ್ಕ ಮೆಮರಿ ಅಂತಾರ. ನಿಮ್ಮ ಕಣ ಹಾಸಿಗಿಯಷ್ಟು ಐತಿ, ಹರವೂದು ಹತ್ತು ಎಕರೆ ಬೆಳಿ. ಎರಡು ಹೊಸಾ ಪಟ್ಟಿ ಕಳಸ್ತೀನಿ, ಹಾಕ್ಕೊರ‍್ರಿ."

ಪಟ್ಟಿಗಳು ಅಂಚೆಯಲ್ಲಿ ಬಂದವು. ಒಂದೊಂದೂ ಗೇಣುದ್ದ ಇರಲಿಲ್ಲ. ಹಾಕಿಕೊಡುವ ಮೆಕ್ಯಾನಿಕ್ ಮಾತ್ರ ಬರಲಿಲ್ಲ. ಘಟ್ಟದ ಕಡೆ ಮಳೆಯಾಗಿ ಹೊಳೆ ಏರಿ, ಸೇತುವೆಯ ಮೇಲೆ ನೀರು ಹರಿಯುತ್ತಿತ್ತು. "ನೀರು ಇಳೀಲಿ, ಎಂಟು ದಿನ ಬಿಟ್ಟು ಬರ್ತೀನ್ರಿ" ಎಂದು ಆಚೆ ದಂಡೆಯಿಂದ ಫೋನ್ ಬಂತು. ಮರುದಿನವೇ ಶ್ರಾವಣ.

ಗದಿಗೆಪ್ಪ ಪಟ್ಟಿಗಳನ್ನು ಉಡಿಯಲ್ಲಿ ಕಟ್ಟಿಕೊಂಡು ಅಜ್ಜನ ಮುಂದೆ ಹೋಗಿ ನಿಂತ.

"ಹಾಕಾವರಿಲ್ರಿ, ಅಜ್ಜಾರ."

"ನೀನ ಹಾಕು."

"ನನಗ ಕಾಣೂದಿಲ್ಲಲ್ರಿ."

"ಡಬ್ಬಿ ಒಳಗ ಹೆಂಗೂ ಕತ್ತಲಾನ ಐತಿ" ಅಂದರು ಅಜ್ಜ.

ಮತ್ತೆ ಅಂಗಡಿಗೆ ಫೋನ್ ಹೋಯಿತು. ಅಂಗಡಿಯವ ಒಳ್ಳೆಯವನು, ಬಿಡಿಸಿ ಬಿಡಿಸಿ ಹೇಳಿದ. ಪ್ಲಗ್ ಕಿತ್ತಿಡಬೇಕು. ಮೈಯಲ್ಲಿ ಕಣ್ಣಿಗೆ ಕಾಣದ ಕರೆಂಟು ಇರುತ್ತದೆ, ಮೊದಲು ಕಬ್ಬಿಣ ಮುಟ್ಟಿ ಅದನ್ನು ಇಳಿಸಬೇಕು. ಪಟ್ಟಿಯ ಒಂದು ಅಂಚಿಗೆ ಬಂಗಾರದ ಲೇಪ ಇದೆ, ಜೋಪಾನ. ಅದೇ ಅಂಚಿನಲ್ಲಿ ಒಂದು ಕಚ್ಚು ಇದೆ, ನಟ್ಟನಡುವೆ ಅಲ್ಲ, ಕೊಂಚ ಪಕ್ಕಕ್ಕೆ. ತಿರುವುಮುರುವಾದರೆ ಕೂಡುವುದಿಲ್ಲ.

"ಬಂಗಾರ ಅಂದ್ರ, ಖರೇ ಬಂಗಾರ ಏನ್ರಿ?"

"ಖರೇನ ರಿ. ಉಗುರಿಗೆ ಹತ್ತದಷ್ಟು."

ಗದಿಗೆಪ್ಪ ಕಿಟಕಿಯ ಸರಳು ಮುಟ್ಟಿದ. ಡಬ್ಬಿಯ ಬದಿಯ ತಗಡು ಬಿಚ್ಚಿದ. ಹನ್ನೊಂದು ವರ್ಷ ಮಾತಾಡಿಸಿದವನ ಒಳಗೆ ಮೊದಲ ಸಲ ಕೈ ಇಟ್ಟ.

ಮೊದಲು ಸಿಕ್ಕಿದ್ದು ಧೂಳು, ಕುರಿಮರಿಯ ಮೈಯಷ್ಟು ಮೆತ್ತಗೆ. ಅದನ್ನು ಊದಿ ಊದಿ ತೆಗೆದ. ಆಮೇಲೆ ಬೆರಳು ನಡೆಯತೊಡಗಿದವು. ಇಲ್ಲೊಂದು ಫ್ಯಾನು, ರೆಕ್ಕೆ ಎಣಿಸಿದರೆ ಏಳು. ಅದರ ಬುಡದಲ್ಲಿ ತಗಡಿನ ಹಲ್ಲುಗಳ ಸಾಲು, ಬಾಚಣಿಗೆಯ ಹಾಗೆ. ಅದರಾಚೆ ಸಣ್ಣ ಸಣ್ಣ ಉಬ್ಬು, ಒಂದಕ್ಕಿಂತ ಒಂದು ಸಣ್ಣದು, ಜೋಳದ ಕಾಳಿನಿಂದ ಶುರುವಾಗಿ ಸಾಸಿವೆಯವರೆಗೆ, ಸಾಸಿವೆಯಾಚೆಗೂ ಏನೋ ಇದೆ, ಬೆರಳಿಗೆ ದಕ್ಕುವುದಿಲ್ಲ. ಯಾವುದೂ ಅಡ್ಡಾದಿಡ್ಡಿ ಇಲ್ಲ. ಓಣಿಗಳು, ಕೂಡುದಾರಿಗಳು, ಕಟ್ಟೆಗಳು. ಒಂದು ಊರೇ ಇತ್ತು ಅಲ್ಲಿ.

ಸೈಕಲ್ ಬಿಚ್ಚಿದವನ ಕೈ ಅದು. ಬೇರಿಂಗಿನ ಗುಂಡು ಕತ್ತಲಲ್ಲಿ ಆರಿಸಿದ ಕೈ. ಆ ಕೈ ಬಂದ ದಾರಿಯಲ್ಲೇ ಇನ್ನೊಮ್ಮೆ ಹೋಗಿ ಬಂತು.

"ಇಷ್ಟು ಸಣ್ಣ ಕೆಲಸ ಮನಷ್ಯಾರು ಮಾಡ್ಯಾರೇನು!" ಎಂದ, ಯಾರಿಗೂ ಅಲ್ಲ.

ಹಳೇ ಪಟ್ಟಿ ಸಿಕ್ಕಿತು. ಎರಡೂ ತುದಿಯ ಕೊಂಡಿ ಒತ್ತಿದರೆ ತಾನಾಗಿ ಮೇಲೆದ್ದು ಬಂತು. ಅದನ್ನು ಅಂಗೈಯಲ್ಲಿಟ್ಟುಕೊಂಡ. ಹನ್ನೊಂದು ವರ್ಷ ಗುರುವಿನ ಪ್ರತಿಯೊಂದು ಮಾತೂ ಈ ಬೆರಳಗಲದ ಕಣದ ಮೇಲೆ ಹಾದುಹೋಗಿದೆ. ಇದನ್ನು ಕಸದ ಬುಟ್ಟಿಗೆ ಹಾಕುವುದುಂಟೆ?

ಮಠದಲ್ಲಿ ಹಳೇ ಪೂಜೆಸಾಮಾನು ಸವೆದರೆ ಹೊಳೆಗೆ ಬಿಡುವುದು ರೂಢಿ. ಗದಿಗೆಪ್ಪ ಹದಿನೇಳು ಮೆಟ್ಟಿಲು ಎಣಿಸಿಕೊಂಡು ಇಳಿದು, ಒಂದು ಕಣಗಿಲೆ ಹೂವಿನ ಜೊತೆ ಆ ಪಟ್ಟಿಯನ್ನು ತುಂಬಿದ ಹೊಳೆಗೆ ಬಿಟ್ಟು, ಕೈಮುಗಿದು ಬಂದ.

ಹೊಸದಕ್ಕೂ ರೂಢಿ ಇತ್ತು. ಮಠದೊಳಗೆ ಬಂದದ್ದು ಪೊರಕೆಯಾದರೂ ಸರಿ, ವಿಭೂತಿ ಹಚ್ಚದೆ ಬಳಸುವುದಿಲ್ಲ. ಅವನು ವಿಭೂತಿ ಗಟ್ಟಿಯನ್ನು ನೀರಲ್ಲಿ ತೇದು, ಮೂರು ಬೆರಳು ಅದ್ದಿ, ಪಟ್ಟಿಯ ಹಣೆ ಎಲ್ಲಿದೆಯೆಂದು ಹುಡುಕಿದ. ಒಂದು ಕಡೆ ಉಬ್ಬು ತಗ್ಗು. ಒಂದು ಅಂಚು ಮಾತ್ರ ನುಣ್ಣಗೆ, ತಣ್ಣಗೆ. ಬಂಗಾರ ಇರುವುದೂ ಅಲ್ಲೇ ಅಂತೆ. ಬಂಗಾರ ಇದ್ದ ಕಡೆಯೇ ತಲೆ ಅಲ್ಲವೇ? ಎರಡೂ ಪಟ್ಟಿಗೆ, ಹಿಂದೆ ಮುಂದೆ, ಕೈತುಂಬಾ ಹಚ್ಚಿದ. ಆರಲಿ ಎಂದು ಬಿಟ್ಟ.

ಕಚ್ಚು ಬೆರಳಿಗೆ ಸಿಕ್ಕಿತು. ಪಟ್ಟಿ ಕೂಡುವ ಸಂದಿನಲ್ಲಿ ಅದಕ್ಕೆ ಹೊಂದುವ ಹಲ್ಲೂ ಸಿಕ್ಕಿತು. ಒತ್ತಿದ. ಟಕ್. ಇನ್ನೊಂದು. ಟಕ್.

ಎಂಥ ಸದ್ದು ಅದು! ಹಬ್ಬದ ಹೋಳಿಗೆ ತಿಂದಷ್ಟು ಸಂತೋಷವಾಯಿತು.

ಪ್ಲಗ್ ಹಾಕಿ ಗುಂಡಿ ಒತ್ತಿದ.

ಯಾವಾಗಲೂ ಬರುವ ದನಿ ಬರಲಿಲ್ಲ. ಬದಲಿಗೆ ಡಬ್ಬಿಯ ಹೊಟ್ಟೆಯೊಳಗಿಂದ "ಪೀಂ" ಎಂದು ಒಂದು ಕೂಗು ಬಂತು. ನಿಂತಿತು. ಮತ್ತೆ "ಪೀಂ". ಮತ್ತೆ. ತಾಯಿ ಬಿಟ್ಟ ಕರುವಿನ ಹಾಗೆ ಒಂದೇ ಸಮ ಕೂಗತೊಡಗಿತು.

ನಿಂಬೆವ್ವ ಅಡುಗೆಮನೆಯಿಂದ ಓಡಿಬಂದಳು. "ಏನಾತೋ ಅದಕ್ಕ?"

"ಸಾಯಾಕತ್ತೈತಿ" ಅಂದ ಗದಿಗೆಪ್ಪ.

ಬಂದ್ ಮಾಡಿದ. ಮತ್ತೆ ಹಚ್ಚಿದ. ಅದೇ ಕೂಗು. ಪಟ್ಟಿ ತೆಗೆದು ಅದಲುಬದಲು ಮಾಡಿದ. ಅದೇ ಕೂಗು. ಹಳೇದನ್ನಾದರೂ ವಾಪಸ್ ಹಾಕೋಣವೆಂದರೆ, ಅದು ಹೂವಿನ ಜೊತೆ ಎರಡು ಹರದಾರಿ ಕೆಳಗೆ ಹೋಗಿರಬೇಕು.

ಅವನು ನೆಲದ ಮೇಲೆ ಕುಸಿದು ಕುಳಿತ. ಹನ್ನೊಂದು ವರ್ಷ. ತನ್ನ ಕೈಯಾರೆ. ನಾಳೆ ಸಂಜೆ ಪಾವಟಿಗೆ, ಊರ ಮಂದಿ, ಖಾಲಿ ಬಾಯಿ. ಅದಕ್ಕಿಂತ ಹೆಚ್ಚಾಗಿ, ಇನ್ನು ಮುಂದೆ ಒಂದು ಅಕ್ಷರ ಓದಬೇಕಾದರೂ ಯಾರದೋ ಬಾಗಿಲು. ಅವನು ಸದ್ದು ಮಾಡದೆ ಅತ್ತ.

ಅಜ್ಜ ಕೋಲು ಊರಿಕೊಂಡು ಬಂದರು. ನಿಂಬೆವ್ವ ಕರೆದಿದ್ದಳು.

"ಏನು ಮಾಡಿದಿ, ಮೊದಲಿಂದ ಹೇಳು."

"ಸರಳು ಮುಟ್ಟಿದೆ."

"ಮುಂದ?"

"ತಗಡು ಬಿಚ್ಚಿದೆ. ಹಳೇದು ತಗದೆ. ಹೊಳಿಗೆ ಬಿಟ್ಟೆ."

"ಹೊಳಿಗೆ ಬಿಟ್ಟಿ?" ಅಜ್ಜನ ದನಿಯಲ್ಲಿ ನಗು ಒಂದು ಬಂದು ಹೋಯಿತು. "ಇರಲಿ. ಮುಂದ?"

"ಹೊಸಾವಕ್ಕ ಇಬತ್ತಿ ಹಚ್ಚಿದೆ. ಒತ್ತಿ ಕೂಡಿಸಿದೆ."

"ಇಬತ್ತಿ ಎಲ್ಲೆ ಹಚ್ಚಿದಿ?"

"ಹಣಿಗ್ರಿ. ಬಂಗಾರ ಇದ್ದ ಕಡೆ."

"ಕೂಡಿಸಿದ್ದು ಯಾವ ಕಡೆಯಿಂದ?"

"ಅದ... ಅದ ಕಡೆಯಿಂದ್ರಿ" ಅಂದ ಗದಿಗೆಪ್ಪ.

"ಹಣಿ ಅಂತ ತಿಳದಿ, ಬಾಯಿಗೆ ಬಳದಿ" ಅಂದರು ಅಜ್ಜ. "ತಗಿ ಅವನ್ನ."

ಗದಿಗೆಪ್ಪ ಪ್ಲಗ್ ಕಿತ್ತು, ಪಟ್ಟಿಗಳನ್ನು ತೆಗೆದುಕೊಟ್ಟ. ಅಜ್ಜ ಕೆಳಗೆ ಕೂತರು. ಧೋತರದ ಚುಂಗು ಯಾವುದನ್ನೋ ತಿಕ್ಕುವ ಸದ್ದು ಬಂತು, ನಿಧಾನವಾಗಿ, ಒಂದೇ ಸಮ.

"ಇಬತ್ತಿ ಒರಸಾಕತ್ತೀರೇನ್ರಿ, ಅಜ್ಜಾರ?"

"ಹೌದು."

"ಹಚ್ಚಿದ ಇಬತ್ತಿ ಒರಸಬಾರದ್ರಿ! ಅಮಂಗಳ!"

"ಬಾಯಿ ಕಟ್ಟೂದು ಮಂಗಳ ಏನು?"

ಧೋತರದ ಸದ್ದು ಮುಂದುವರಿಯಿತು.

"ನಿಮಗ ಕಂಪ್ಯೂಟರ್ ಯಾವಾಗ ತಿಳೀತ್ರಿ?" ಎಂದು ಗದಿಗೆಪ್ಪ ಕೇಳಿದ, ಸಣ್ಣ ದನಿಯಲ್ಲಿ.

"ನನಗೇನು ತಿಳೀತೈತಿ? ನನ್ನ ಕೈಬ್ಯಾಟರಿ ಹತ್ತಲಿಲ್ಲಂದ್ರ ಸೆಲ್ಲಿನ ಮೂತಿ ಒರಸ್ತೀನಿ. ಗೊತ್ತಿರೂದು ಅಷ್ಟ."

ಊದಿನಕಡ್ಡಿಯ ತುದಿಗೆ ಅರಿವೆಯ ಎಳೆ ಸುತ್ತಿ, ಸಂದಿನೊಳಗೆ ಉದುರಿದ್ದ ವಿಭೂತಿಯನ್ನೂ ಅವರು ಬಳಿದು ತೆಗೆದರು. ಅಷ್ಟು ಹೊತ್ತೂ ಕೆಮ್ಮಲಿಲ್ಲ. ಪಟ್ಟಿಗಳನ್ನು ವಾಪಸ್ ಶಿಷ್ಯನ ಕೈಗೆ ಕೊಟ್ಟರು.

"ಈಗ ಹಾಕು. ಕೈಮುಗೀಬ್ಯಾಡ. ಬರೇ ಹಾಕು."

ಟಕ್. ಟಕ್.

ಗುಂಡಿ ಒತ್ತಿದ. ಫ್ಯಾನು ಎದ್ದಿತು. ಕೂಗು ಬರಲಿಲ್ಲ.

"ನಮಸ್ಕಾರ" ಅಂದಿತು ಕಂಪ್ಯೂಟರ್, ಸಂತೆಯ ದರದ ದನಿಯಲ್ಲಿ.

ಗದಿಗೆಪ್ಪ ಗಟ್ಟಿಯಾಗಿ ನಕ್ಕ. ನಿಂಬೆವ್ವ ಬಾಗಿಲಲ್ಲೇ ನಿಂತು, "ಬದುಕಿತು ಬಡಜೀವ" ಎಂದು ಹೇಳಿ ರೊಟ್ಟಿ ಸುಡಲು ಹೋದಳು.

ಅವನು ಕುರ್ಚಿಯೇರಿ ಕುಳಿತು ಫೈಲಿನ ಹೆಸರಿನ ಮೇಲೆ ಒತ್ತಿದ. ರೂಢಿಯಂತೆ ಕಾಯಲು ಕೈಕಟ್ಟಿಕೊಳ್ಳಬೇಕು, ಕೈ ಇನ್ನೂ ಎದೆಯ ಹತ್ತಿರ ಬಂದಿರಲಿಲ್ಲ.

"ಅಜ್ಜಾರು ಅಂದರು" ಎಂದಿತು.

ಕಡೆಯ ಪುಟಕ್ಕೆ ಹೋಗು ಎಂದ, ಹೋಯಿತು. ನಡುವಿಗೆ ಬಾ ಎಂದ, ಬಂತು. ಹನ್ನೊಂದು ವರ್ಷದ ಬೆಳೆಯೆಲ್ಲಾ ಒಂದೇ ಸಲಕ್ಕೆ ಕಣದಲ್ಲಿ ಹರವಿಕೊಂಡು ಬಿದ್ದಿತ್ತು. ಯಾವ ಕಾಳಿಗೆ ಕೈ ಹಾಕಿದರೆ ಆ ಕಾಳು. ಗದಿಗೆಪ್ಪನಿಗೆ ತಾನು ಎತ್ತರದ ಗುಡ್ಡದ ಮೇಲೆ ನಿಂತಂತಾಯಿತು. ಕಣ್ಣಿದ್ದಾಗ ಒಮ್ಮೆ ಹಾಗೆ ನಿಂತದ್ದಿತ್ತು.

"ಅಜ್ಜಾರ, ನಿಮ್ಮ ಮಾತು ಒಂದೂ ಹೋಗಿಲ್ರಿ! ಎಲ್ಲಾ ಅದಾವ!"

"ಹೌದೇನು? ಒಂದು ಓದಸು, ಕೇಳೋಣು" ಅಂದರು ಅಜ್ಜ. ಈ ಹನ್ನೊಂದು ವರ್ಷದಲ್ಲಿ ಅವರು ಒಮ್ಮೆಯೂ ಅದನ್ನು ಕೇಳಿರಲಿಲ್ಲ. ಆಡಿದ ಮಾತನ್ನು ತಿರುಗಿ ಕೇಳುವ ಚಟ ಅವರಿಗಿರಲಿಲ್ಲ.

ಗದಿಗೆಪ್ಪ ಕೈಗೆ ಸಿಕ್ಕಲ್ಲಿ ಒತ್ತಿದ. ಕಂಪ್ಯೂಟರ್ ಓದಿತು:

"ಅಜ್ಜಾರು ಅಂದರು. ಬಾಗಿಲು ಎಲ್ಲಿದೆ ಎಂದು ಹೇಳುವುದು ಗೋಡೆ. ಗೋಡೆಯನ್ನು ಕೈಯಿಂದ ಸವರುತ್ತಾ ಹೋಗು. ಒರಟು ಇರುತ್ತದೆ, ಮೊಳೆ ಇರುತ್ತದೆ, ಬೆರಳು ತರಚುತ್ತದೆ. ಬಿಡಬೇಡ. ಗೋಡೆ ಮುಗಿದಲ್ಲಿ ತಣ್ಣಗೆ ಗಾಳಿ ಬರುತ್ತದೆ, ಅದೇ ಬಾಗಿಲು. ಗೋಡೆಗೆ ಬೇಸತ್ತು ಕೈ ತೆಗೆದವನು ಬಯಲಲ್ಲಿ ನಿಂತರೂ ಒಳಗೇ ಇರುತ್ತಾನೆ."

ಅಜ್ಜನ ಕೋಲು ನೆಲಕ್ಕೆ ಒಮ್ಮೆ ಕುಟ್ಟಿತು.

"ಇದು ಯಾರ ಮಾತು?"

"ನಿಮ್ದ್ರಿ."

"ನಾ ಹಿಂಗ ಅಂದಿಲ್ಲ."

"ಅಂದೀರಿ, ಅಜ್ಜಾರ. ಮೂರನೇ ವರ್ಷ, ಶೀಗಿ ಹುಣ್ಣಿಮಿ ಮರುದಿನ."

"ಆ ದಿನ ಏನಂದೆ, ನನಗ ನೆನಪೈತಿ. 'ಬಾಗಲಾ ಕಂಡಾಂವ ಗ್ವಾಡಿ ಯಾಕ ನೋಡಬೇಕು?' ಅಂದೆ. ಅಷ್ಟ ಅಂದದ್ದು."

ಗದಿಗೆಪ್ಪ ನಕ್ಕ. ಆಮೇಲೆ ನಗು ನಿಂತಿತು. ಅಜ್ಜನ ನೆನಪು ಎಂಥದ್ದೆಂದು ಅವನಿಗೆ ಗೊತ್ತಿತ್ತು.

"ಇನ್ನೊಂದು ಓದಸು."

"ಅಜ್ಜಾರು ಅಂದರು. ದೀಪ ಹಚ್ಚಿದ್ದು ಮೊದಲು ಗೊತ್ತಾಗುವುದು ಎಣ್ಣೆಯ ವಾಸನೆಯಿಂದ. ಆಮೇಲೆ ಅಂಗೈಗೆ ತಾಕುವ ಬಿಸಿಯಿಂದ. ಹತ್ತಿರ ಹೋದವನಿಗೆ ಅದು ದೀಪ. ದೂರ ನಿಂತವನಿಗೆ ದೀಪದ ಸುದ್ದಿ."

"ನಾ ಅಂದದ್ದು, ದೀಪ ಹಚ್ಚಿದ್ರ ಕತ್ತಲ ಹೋಗತೈತಿ ಅಂತ" ಅಂದರು ಅಜ್ಜ. "ಅದೂ ನಂದಲ್ಲ. ಊರೆಲ್ಲಾ ಅನ್ನೂ ಮಾತು. ಮತ್ತೊಂದು."

"ಅಜ್ಜಾರು ಅಂದರು. ಯಾರು ಬಂದರು ಎಂಬುದು ಹೆಜ್ಜೆಯಿಂದ ಗೊತ್ತಾಗುತ್ತದೆ. ಯಾಕೆ ಬಂದರು ಎಂಬುದು ಹೊಸ್ತಿಲ ಹತ್ತಿರ ಅವರು ಎಷ್ಟು ಹೊತ್ತು ನಿಂತರು ಎಂಬುದರಿಂದ ಗೊತ್ತಾಗುತ್ತದೆ."

"ನಾ ಬಂದವರ ಮಾರಿ ನೋಡಾಂವ. ಯಾರ ಹೆಜ್ಜಿ ಯಾವಾಗ ಎಣಿಸೀನಿ?"

ಗದಿಗೆಪ್ಪ ಇನ್ನಷ್ಟು ಪುಟ ಹಾರಿಸಿದ. ಮತ್ತೊಂದು ಓದಿಸಿದ. ಅದರಲ್ಲಿ ತೇವದ ಮಣ್ಣಿನ ವಾಸನೆ ಇತ್ತು. ಇನ್ನೊಂದು. ಅದರಲ್ಲಿ ಹಗ್ಗದ ಗಂಟು ಇತ್ತು, ಬೆರಳು ಅದನ್ನು ಬಿಡಿಸುತ್ತಿತ್ತು. ಬಣ್ಣ ಎಲ್ಲೂ ಇರಲಿಲ್ಲ. ಬೆಳದಿಂಗಳು ಇರಲಿಲ್ಲ. ಎಷ್ಟು ಪುಟ ಹಾರಿಸಿ ಹೋದರೂ ಯಾರೂ ಏನನ್ನೂ ನೋಡುತ್ತಿರಲಿಲ್ಲ. ಮುಟ್ಟುತ್ತಿದ್ದರು, ಮೂಸುತ್ತಿದ್ದರು, ಕಿವಿಗೊಡುತ್ತಿದ್ದರು. ನಾಲ್ಕು ಸಾವಿರ ಪುಟ ಬರೆದ ಮನುಷ್ಯನಿಗೆ ಅದು ಈವತ್ತು ಮೊದಲ ಸಲ ಕೇಳಿಸಿತು.

"ಇದು ಕಣ್ಣಿದ್ದಾಂವ ಆಡೂ ಮಾತಲ್ಲ, ಗದಿಗೆಪ್ಪ" ಅಂದರು ಅಜ್ಜ.

ಗದಿಗೆಪ್ಪ ಕೀಲಿಗಳಿಂದ ಕೈ ಎಳೆದುಕೊಂಡ. ಬೆಳಿಗ್ಗೆ ಮಿಂದು, ಮಡಿಯಲ್ಲಿ ಕೂತು, ಒಂದೂ ಬಿಡದೆ ಬರೆದಿದ್ದೇನೆ ಎಂದುಕೊಂಡಿದ್ದ. ರಾತ್ರಿಯಿಡೀ ಹೊತ್ತುಕೊಂಡ ಮಾತು ಬೆಳಗಾಗುವುದರೊಳಗೆ ಹೀಗೆ ಬೇರೆಯಾಗಿದೆ. ಅಷ್ಟೂ ಸುಳ್ಳು. ಅಷ್ಟಕ್ಕೂ ಗುರುವಿನ ಹೆಸರು.

"ತಪ್ಪಾತ್ರಿ, ಅಜ್ಜಾರ. ಗುರುದ್ರೋಹ ಆತು. ನನಗ ಗೊತ್ತಾಗಲಿಲ್ರಿ, ನಿಮ್ಮ ಪಾದದಾಣೆ ಗೊತ್ತಾಗಲಿಲ್ಲ. ಅಳಸಿಬಿಡ್ತೀನಿ."

ಎರಡು ಕೀಲಿ ಒತ್ತಿದ. ಹಳೇ ಪಟ್ಟಿಯೇ ಇದ್ದಿದ್ದರೆ ಆ ಕೆಲಸಕ್ಕೆ ಕಂಪ್ಯೂಟರ್ ತಾಸುಗಟ್ಟಲೆ ಏದುಸಿರು ಬಿಡುತ್ತಿತ್ತು, ಅಷ್ಟರಲ್ಲಿ ಮನಸ್ಸು ತಿಳಿಯಾಗುತ್ತಿತ್ತೇನೋ. ಈಗ ಕಣ್ಣು ಮಿಟುಕಿಸುವುದರೊಳಗೆ ಉತ್ತರ ಕೊಟ್ಟಿತು.

"ಎಲ್ಲಾ ಆಯ್ಕೆಯಾಗಿದೆ."

ಅಳಿಸುವ ಕೀಲಿಯೊಂದನ್ನು ಒತ್ತಿದರೆ ಮುಗಿಯಿತು. ಅವನ ಬೆರಳು ಅದರ ಮೇಲಿತ್ತು. ಅಜ್ಜ ಬೇಡ ಅನ್ನಲಿಲ್ಲ. ಅನ್ನಲಿ ಎಂದು ಗದಿಗೆಪ್ಪ ಕಾದ. ಹೊಳೆಯ ಸದ್ದು ಮಾತ್ರ ಬರುತ್ತಿತ್ತು.

ಆಮೇಲೆ ಧೋತರದ ಸರಬರ ಕೇಳಿಸಿತು. ಮೊಣಕಾಲಿನ ಎಲುಬು ಲಟಕ್ಕೆಂದಿತು. ಅಜ್ಜನ ಉಸಿರು ಅವನ ಪಕ್ಕದಿಂದ ಸರಿದು, ಎದುರಿಗೆ ಬಂದು, ಕೆಳಗಿಳಿಯಿತು. ಅವನ ಕುರ್ಚಿಗಿಂತ ಕೆಳಗೆ. ಅ‌ವನ ಮೊಣಕಾಲಿಗಿಂತ ಕೆಳಗೆ. ಅಲ್ಲಿ ನಿಂತಿತು.

ಹನ್ನೊಂದು ವರ್ಷ ಆ ಉಸಿರು ಅವನಿಗೆ ಮೇಲಿನಿಂದಲೇ ಕೇಳಿಸಿತ್ತು.

ಏನಾಯಿತೆಂದು ತಿಳಿದಾಗ ಗದಿಗೆಪ್ಪನ ಬೆರಳು ಕೀಲಿ ಬಿಟ್ಟಿತು. "ಅಯ್ಯೋ, ಅಜ್ಜಾರ, ನೆಲದ ಮ್ಯಾಲ ಯಾಕ ಕುಂತ್ರಿ! ಏಳ್ರಿ!" ಎಂದು ಕುರ್ಚಿಯಿಂದ ಇಳಿಯಲು ಹೋದ. ಒಣಗಿದ, ಹಗುರವಾದ ಒಂದು ಕೈ ಅವನ ಮೊಣಕಾಲನ್ನು ಹಿಡಿದು ಅಲ್ಲೇ ಕೂಡಿಸಿತು.

"ನೀವು ಕೆಳಗ, ನಾ ಮ್ಯಾಲ, ಅಜ್ಜಾರ. ನಾ ಏನು ಮಾಡಲಿ?"

"ಆ ಗ್ವಾಡಿದು ಇನ್ನೊಮ್ಮೆ ಹೇಳು" ಅಂದರು ಅಜ್ಜ. "ಎಂಬತ್ಮೂರು ವರ್ಷ ಆತು, ನನಗಿನ್ನೂ ಬಾಗಲಾ ಸಿಕ್ಕಿಲ್ಲ."